ಗಿರಣಿ ಕಾಕಾ ಸಾಯಬಾರದಿದ್ದ ವರ್ಷ

ಪುಣೆಯಲ್ಲಿ ನಮ್ಮ ನಾನಾ ಪೇಠದ ಓಣಿಗೆ ಬಂದು ಜಯವಂತ ಢಮಢೇರೆಯವರ ಮನೆ ಎಲ್ಲಿ ಅಂತ ಕೇಳಿದರೆ ನಿಮಗೆ ಯಾರೂ ದಾರಿ ಹೇಳುವುದಿಲ್ಲ. ಹೇಳಬಾರದು ಅಂತಲ್ಲ, ಆ ಹೆಸರಿನವರು ಯಾರು ಅಂತ ಯಾರಿಗೂ ಚಟ್ಟನೆ ಹೊಳೆಯುವುದಿಲ್ಲ. ಗಿರಣಿ ಕಾಕಾ ಅನ್ನಿ, ಮುಗೀತು. ದೊಡ್ಡವರು ಬಕುಳದ ಮರದ ಕಡೆ ಕೈ ಮಾಡಿ ತೋರಿಸುತ್ತಾರೆ. ಹುಡುಗರು ಮಾತ್ರ ಇನ್ನೊಂದು ಪ್ರಶ್ನೆ ಕೇಳಿಯೇ ಬಿಡುತ್ತಾರೆ: "ಸಾಯ್ತಾರಲ್ಲ, ಆ ಕಾಕಾ?"

ಹೌದು, ಅವರೇ. ಇಡೀ ಪುಣೆಯಲ್ಲಿ ಅವರಷ್ಟು ಚೆನ್ನಾಗಿ ಸಾಯುವವರು ಇನ್ನೊಬ್ಬರಿಲ್ಲ. ಇದು ಅಭಿಮಾನದ ಮಾತು ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ನಾನು ಅವರ ಅಭಿಮಾನಿಯೇ. ತೊಡೆಯ ಮೇಲೆ ಕೂತು ನೋಡುವ ವಯಸ್ಸಿನಿಂದ ನೋಡಿದ್ದೇನೆ.

ನಮ್ಮ ಬಕುಳ ಪಾರ್ ತರುಣ ಮಂಡಳ ಗಣಪತಿಯ ಹತ್ತು ದಿನ ಜೀವಂತ ದೃಶ್ಯ ಇಡುತ್ತದೆ. ಗೊಂಬೆ ಇಲ್ಲ, ಓಣಿಯ ಮನುಷ್ಯರೇ ವೇಷ ಹಾಕಿ ನಿಲ್ಲುತ್ತಾರೆ. ಮಾತೆಲ್ಲ ಮೊದಲೇ ಧ್ವನಿಮುದ್ರಣವಾಗಿರುತ್ತದೆ. ವೇದಿಕೆಯ ಮೇಲಿನವರು ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು, ಕೈಕಾಲು ಆಡಿಸಬೇಕು, ಅಷ್ಟೇ. ಕಾಲು ಗಂಟೆಯ ಆಟ. ಮುಗಿದ ಕೂಡಲೇ ನೋಡಿದ ಜನ ಮುಂದೆ ಸಾಗಿ ಹೊಸ ಜನ ಬಂದು ನಿಲ್ಲುತ್ತಾರೆ, ಮತ್ತೆ ಮೊದಲಿಂದ. ಹೀಗೆ ಒಂದೇ ಸಂಜೆಗೆ ಆರೇಳು ಸಲ.

ಅಂದರೆ ಕಾಕಾ ಒಂದೇ ಸಂಜೆಗೆ ಆರೇಳು ಸಲ ಸಾಯುತ್ತಿದ್ದರು.

ಶುರುವಿನಲ್ಲಿ ಅವರದು ಸಣ್ಣ ಸಾವು. ಜುನ್ನರ ಕಡೆಯ ಹಳ್ಳಿಯಿಂದ ಸೋದರಮಾವನ ಗಿರಣಿಗೆ ಕೆಲಸಕ್ಕೆ ಬಂದವರು ಮಂಡಳದಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕ. ಒಂದು ವರ್ಷ ವೀರ ತಾನಾಜಿಯ ವೇಷ ಹಾಕಬೇಕಿದ್ದವನಿಗೆ ಕಾಮಾಲೆ ಬಂತು. ಕಾಕಾನ ಮೀಸೆ ಆಗಲೇ ಕಿವಿಯ ತನಕ ಇತ್ತು, ಹಿಟ್ಟಿನ ಚೀಲ ಹೊತ್ತು ಹೊತ್ತು ತೋಳು ಕಟ್ಟಿಗೆಯಂತಾಗಿತ್ತು. ನಿಲ್ಲಿಸಿದರು. ಆ ವರ್ಷ ಕೊಂಡಾಣ ಕೋಟೆಯ ಬುರುಜಿನ ಮೇಲೆ ಗುರಾಣಿ ಮುರಿದ ಮೇಲೆ ಕೈಗೆ ಶಲ್ಯ ಸುತ್ತಿಕೊಂಡು ಅವರು ಬಿದ್ದ ರೀತಿ ನೋಡಿ, ಮುಂದಿನ ಸಾಲಿನ ಅಜ್ಜಿಯೊಬ್ಬಳು ಹಾಲು ತರಲಿಕ್ಕೆ ಒಯ್ದಿದ್ದ ಪಾತ್ರೆಯನ್ನೇ ಕೆಳಗೆ ಬಿಟ್ಟಳಂತೆ. ಆಮೇಲೆ ಕಾಕಾನನ್ನು ಹಿಡಿಯುವವರೇ ಇಲ್ಲ. ಪುರಂದರದ ಮುರಾರಬಾಜಿಯಾಗಿ ಬಾಣ ತಾಗಿ ಸತ್ತರು. ನೇಸರಿಯಲ್ಲಿ ಪ್ರತಾಪರಾವ್ ಆಗಿ ಕುದುರೆಯಿಂದ ಬಿದ್ದು ಸತ್ತರು. ಕುದುರೆ ಅಂದರೆ ಬಟ್ಟೆ ಹೊದಿಸಿದ ಡ್ರಮ್ಮು. ಆದರೂ ಸತ್ತರು.

ಎಲ್ಲಕ್ಕಿಂತ ಮೇಲೆ ಅವರ ಬಾಜಿಪ್ರಭು. ಪಾವನಖಿಂಡಿಯ ಕಣಿವೆ. ಬೆನ್ನಟ್ಟಿದ ಶತ್ರುವಿನಿಂದ ಪಾರಾಗಿ ಮಹಾರಾಜರು ವಿಶಾಲಗಡದ ಕೋಟೆ ಮುಟ್ಟಿದರೆ ಅಲ್ಲಿಂದ ಐದು ತೋಪು ಹಾರಿಸುತ್ತಾರೆ, ಅಲ್ಲಿಯವರೆಗೆ ಈ ಮನುಷ್ಯ ಸಾಯುವಂತಿಲ್ಲ. ಮೈತುಂಬಾ ಗಾಯ, ಎರಡು ಕೈಯಲ್ಲಿ ಕತ್ತಿ. ಕಿವಿ ಮಾತ್ರ ಗಡದ ಕಡೆ. ಮೊದಲ ತೋಪಿಗೆ ಕಾಕಾನ ಕತ್ತಿ ನಿಲ್ಲುತ್ತಿತ್ತು. ಎರಡನೆಯದಕ್ಕೆ ಮುಖ ಮೇಲಕ್ಕೆ ಏಳುತ್ತಿತ್ತು. ಮೂರನೆಯದಕ್ಕೆ ಭುಜ ಸಡಿಲ. ನಾಲ್ಕಕ್ಕೆ ಒಂದು ಮೊಣಕಾಲು ನೆಲಕ್ಕೆ. ಐದನೆಯದು ಬಿದ್ದಾಗ ಬಲಗೈ ಗಡದ ಕಡೆ ಎತ್ತಿ, ಮೀಸೆಯ ಕೆಳಗೆ ಸಣ್ಣಗೆ ನಕ್ಕು, ನಿಧಾನಕ್ಕೆ ಒಂದು ಕಡೆ ವಾಲುತ್ತಿದ್ದರು. ಆ ನಗುವಿಗಾಗಿ ಹಡಪಸರದಿಂದ, ಪಿಂಪರಿಯಿಂದ ಜನ ಬರುತ್ತಿದ್ದರು. ಬಿದ್ದ ಮೇಲೆ ಪರದೆ ಮುಚ್ಚುವ ತನಕ ರೆಪ್ಪೆ ಕೂಡ ಅಲ್ಲಾಡಿಸುತ್ತಿರಲಿಲ್ಲ. ಒಮ್ಮೆ ಇರುವೆ ಮೂಗಿನೊಳಗೆ ಹೋಗಿ ಬಂತು. ಆದರೂ ಇಲ್ಲ. "ಸತ್ತಾಂವ ಎದ್ರ ನಿಂತು ನೋಡಿದವ್ರಿಗೆ ಮೋಸ ಮಾಡಿದಂಗ" ಅನ್ನುವುದು ಅವರ ಮಾತು.

ಇಡೀ ಪುಣೆ ನೋಡಿತು. ಒಬ್ಬರು ಮಾತ್ರ ನೋಡಲಿಲ್ಲ. ಅವರ ಹೆಂಡತಿ ಮಾಲನ್ ಕಾಕೂ.

ಕಾಕೂ ಕೆಟ್ಟವರಲ್ಲ, ದೇವರಾಣೆ. ಅವರ ಲೆಕ್ಕ ಸರಳ. ಕುಂಕುಮ ಇಟ್ಟುಕೊಂಡ ಹೆಂಗಸು ಗಂಡ ಸಾಯುವುದನ್ನು ನೋಡಬಾರದು, ಅದು ಆಟವೇ ಇರಲಿ, ಗಣಪತಿಯ ಎದುರೇ ಇರಲಿ. ಗಿರಣಿಯ ಹಿಂದೆಯೇ ಅವರ ಮನೆ, ವೇದಿಕೆಯಿಂದ ನಾಲ್ಕು ಹೆಜ್ಜೆ. ಧ್ವನಿ ಕೇಳದೆ ಇರುತ್ತದೆಯೇ? ತೋಪಿನ ಹೊತ್ತಿಗೆ ಸರಿಯಾಗಿ ಕಾಕೂ ಮಿಕ್ಸರಿನಲ್ಲಿ ಶೇಂಗಾ ಹಾಕಿ ತಿರುಗಿಸುತ್ತಿದ್ದರು. ಆ ಹತ್ತು ದಿನ ಅವರ ಮನೆಯಲ್ಲಿ ತಿಂದು ಮುಗಿಯದಷ್ಟು ಶೇಂಗಾ ಚಟ್ನಿ, ಓಣಿಗೆಲ್ಲ ಹಂಚುತ್ತಿದ್ದರು. ಆಟ ಮುಗಿಸಿ ಕಾಕಾ ಬಾಗಿಲಿಗೆ ಬಂದರೆ ನಡೆಯುತ್ತಿದ್ದ ಮಾತು ಇಡೀ ಓಣಿಗೆ ಬಾಯಿಪಾಠ.

"ಎಷ್ಟು ಸಲ ಆತು ಇವತ್ತು?"

"ಆರು."

"ಹಿತ್ತಲಿಂದ ಬರ್ರಿ. ನೀರು ಕಾಯಿಸೀನಿ. ಸ್ನಾನ ಮಾಡಿ ಒಳಗ ಕಾಲಿಡ್ರಿ."

"ಅಲ್ಲ ಮಾಲನ್, ಮಸಣಕ್ಕ ಹೋಗಿ ಬಂದವ್ರು ಸ್ನಾನ ಮಾಡ್ತಾರ. ಸತ್ತಾಂವ ಯಾಕ ಮಾಡಬೇಕು?"

"ಸತ್ತಾಂವ ಮಾತಾಡಬಾರದು. ಹಿತ್ತಲಿಂದ ಬರ್ರಿ."

ಸ್ನಾನ ಮಾಡಿಸಿ, ಉಪ್ಪು ಮೆಣಸಿನಕಾಯಿ ಇಳಿ ತೆಗೆದು, ಆಮೇಲೆ ತಾಟು. ಕಾಕಾ ನಗುತ್ತಲೇ ಉಣ್ಣುತ್ತಿದ್ದರು. ಆದರೆ ಗಿರಣಿಯಲ್ಲಿ ಯಾರಾದರೂ "ಕಾಕಾ, ನಿನ್ನೆ ಅತ್ತುಬಿಟ್ವಿ" ಅಂದರೆ "ನಮ್ಮ ಮನೀಯಾಕಿಗೆ ಹೇಳ್ರಿ ಒಂದ್ ಮಾತು" ಅನ್ನುತ್ತಿದ್ದರು. ಒಮ್ಮೆ ಹಿಟ್ಟಿನ ಡಬ್ಬಿ ಮುಚ್ಚುತ್ತಾ ಅಂದದ್ದು ನನಗೆ ಹಾಗೇ ನೆನಪಿದೆ. "ನೋಡು, ಸಾಯೂ ಮುಂದ ನಾ ದೊಡ್ಡ ಮನಷ್ಯಾ ಆಗಿರ್ತೀನಿ. ಮನೀಗೆ ಹೋದ್ರ ಬರೀ ಜೋಳ ಬೀಸಾಂವ. ಆಕಿ ನೋಡಿದ್ದು ಎರಡನೇದವನ್ನಷ್ಟ."

ಹೀಗೆ ವರ್ಷಗಳು ಹೋದವು. ಕಾಕಾನ ಮೀಸೆ ಬೆಳ್ಳಗಾಯಿತು. ಹಿಟ್ಟಿನಿಂದಲೋ ವಯಸ್ಸಿನಿಂದಲೋ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಕೆಳಗೆ ಗಣಪತಿ ಕಳಿಸಿದ ಮರುದಿನ ಬಲಗಡೆಯ ಮೊಣಕಾಲು ಪಾವಿನಷ್ಟು ಊದಿಕೊಂಡಿತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಢಮಢೇರೆ, ಇನ್ನ ಬೀಳೋದು ಬಂದ್" ಅಂದುಬಿಟ್ಟರು. ಮಂಡಳದ ಅಧ್ಯಕ್ಷ ಸಂಪತ್ ಕುದಳೆ, ಮಂಡಪದ ಗುತ್ತಿಗೆ ಹಿಡಿಯುವ ಮನುಷ್ಯ, ಅಳುವುದೊಂದೇ ಬಾಕಿ. ಆದರೆ ಕಾಕಾನ ಮುಖದಲ್ಲಿ ಬೇರೇನೋ ಮಿಂಚಿತು. ಮುಂದಿನ ಆಷಾಢ ಏಕಾದಶಿ ಮುಗಿದ ಮೇಲೆ ಗಿರಣಿಯಲ್ಲೇ ಸಭೆ ಸೇರಿತ್ತು. ನಾನು ನಮ್ಮ ಮನೆಯ ಗೋಧಿ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದೆ, ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ನಮ್ಮ ದೃಶ್ಯಗಳನ್ನೆಲ್ಲ ಬರೆದುಕೊಡುವವರು ಪಟವರ್ಧನ್ ಬಾಯಿ. ನಮ್ಮಲ್ಲಿ ಅರ್ಧ ಪೇಠಕ್ಕೆ ಇತಿಹಾಸ ಕಲಿಸಿ ನಿವೃತ್ತರಾದ ಟೀಚರು, ಎಲ್ಲರ ಬಾಯಲ್ಲೂ ಬರೀ 'ಬಾಯಿ'. ತಪ್ಪು ಇಸವಿ ಹೇಳಿದರೆ ಈಗಲೂ ಕಿವಿ ಹಿಂಡುತ್ತಾರೆ, ಸಂಪತ್‌ನದ್ದೂ.

ಕಾಕಾ ಬಾಯಿಯನ್ನು ಗೋಣಿಚೀಲದ ಮೇಲೆ ಕೂರಿಸಿ ಕೇಳಿದರು, "ಬಾಯಿ, ನಮ್ಮ ಇತಿಹಾಸದಾಗ ಸಾಯಲಾರದವ್ರು ಯಾರೂ ಇಲ್ಲೇನ್ರಿ?"

"ಎಲ್ಲಾರೂ ಸಾಯ್ತಾರಪ್ಪಾ. ಇಸವಿ ಬ್ಯಾರೆ ಬ್ಯಾರೆ, ಅಷ್ಟ."

"ಹಂಗಲ್ರಿ. ಕಡೀತನಾ ನಿಂತಿರಬೇಕು. ಬೀಳಬಾರದು. ಮಾಲನ್ ಬಂದು ನೋಡೂವಂಥಾದ್ದು ಒಂದು ಮಾಡಬೇಕಂತ ಮನಸೈತಿ."

ಒಳಬಾಗಿಲಿನಲ್ಲಿ ಮಾಲನ್ ಕಾಕೂ ಕೊತ್ತಂಬರಿ ಸೋಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತ್ತು.

ಸಂಪತ್ ಅಂದ, "ಜ್ಞಾನೇಶ್ವರ ಮಾಡೂಣು. ಗ್ವಾಡಿ ಮ್ಯಾಲೆ ಕೂತs ಇರೂದು. ಪವಾಡದಾಗ ಗ್ವಾಡೀನs ನಡೀತೇತಿ. ಮ್ವಾಣಕಾಲಿಗೆ ಆರಾಮ."

"ಇಪ್ಪತ್ತೊಂದನೇ ವಯಸ್ಸಿಗೆ ಸಮಾಧಿ," ಬಾಯಿ ಅಂದರು. "ಈ ಮೀಸೀ ಒಳಗ ಇಪ್ಪತ್ತೊಂದು ಎಲ್ಲಿಂದ ತರ್ತಿ?"

"ತುಕಾರಾಮ ಮಹಾರಾಜ್ರು?"

ಒಳಗಿನಿಂದ ಕಾಕೂ ಧ್ವನಿ ಬಂತು. "ವೈಕುಂಠಕ್ಕ ಹೋಗ್ತಾರಲ್ಲ."

"ಹೋಗ್ತಾರ, ಸಾಯಂಗಿಲ್ಲ ಕಾಕೂ!"

"ತಿರುಗಿ ಊಟಕ್ಕ ಬರ್ತಾರೇನು? ಇಲ್ಲ. ಹಂಗಾರ ಬ್ಯಾಡ."

ಶತ್ರುಗಳು ಚಿತ್ರಹಿಂಸೆ ಕೊಟ್ಟು ಕೊಂದ ಸಂಭಾಜಿ ಮಹಾರಾಜರ ಹೆಸರು ಯಾರೋ ತೆಗೆದರು. ಕಾಕಾ ಕೈ ಮುಗಿದು, "ಆ ಮಾತು ಬ್ಯಾಡ, ತಾಲೀಮಿನಾಗs ಅತ್ತುಬಿಡ್ತೀನಿ" ಅಂದರು. ಮುಂದೆ ಬಾಯಿ ಕಣ್ಣು ಮುಚ್ಚಿಕೊಂಡು ತಾವೇ ಒಬ್ಬೊಬ್ಬರನ್ನು ನೆನೆಯತೊಡಗಿದರು. ಆಗರಕರ ನಲವತ್ತೂ ದಾಟಲಿಲ್ಲ. ಗೋಖಲೆ ಐವತ್ತು ಮುಟ್ಟಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರೂ ಅಷ್ಟೇ. ಸಾವಿತ್ರಿಬಾಯಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ ಹೋದರು. ಹೇಳುತ್ತಾ ಹೇಳುತ್ತಾ ಬಾಯಿಯ ಧ್ವನಿಯೇ ಸಣ್ಣಗಾಯಿತು. "ಒಬ್ಬೊಬ್ಬರ ಕೆಲಸಾ ನೋಡಿದ್ರ ನೂರು ವರ್ಷದ್ದು. ಆಯುಷ್ಯಾ ನೋಡಿದ್ರ ಇಷ್ಟs."

ಆಗ ಸರದಿಯಲ್ಲಿ ನನ್ನ ಹಿಂದಿದ್ದ ಹುಡುಗ, "ಕ್ರಿಕೆಟ್ ಆಡೋರನ್ನ ಮಾಡ್ರಿ, ಅವ್ರು ಎಲ್ಲಾ ಜೀವಂತ ಅದಾರ" ಅಂದ. ಸಂಪತ್ ಅವನನ್ನು ಮೇಲಿಂದ ಕೆಳಗೆ ನೋಡಿ, "ನಡೀ, ನಿನ್ನ ಜ್ವಾಳಾ ಆಗೇತಿ" ಅಂದ.

ಬಾಯಿ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡರು. "ಅಯ್ಯ! ಕರ್ವೆ ಅದಾರಲ್ಲ! ಧೊಂಡೋ ಕೇಶವ ಕರ್ವೆ. ವಿಧವೇರಿಗೆ, ಹೆಣ್ಣುಮಕ್ಕಳಿಗೆ ಹಿಂಗಣ್ಯಾಗ ಆಶ್ರಮಾ ಕಟ್ಟಿದವ್ರು. ದಿನಾ ಕೆಸರು ತುಳಕೋತ ಹಿಂಗಣೇದಿಂದ ಊರಿಗೆ, ಊರಿಂದ ಹಿಂಗಣೇಕ್ಕ ನಡದೇ ನಡದ್ರು. ನೂರಾ ನಾಲ್ಕು ವರ್ಷ ಬದುಕಿದ್ರಪ್ಪಾ!"

"ಎಷ್ಟು?"

"ನೂರಾ ನಾಲ್ಕು."

ಕಾಕಾ ಒಳಬಾಗಿಲಿಗೆ ತಿರುಗಿದರು. ಕಾಕೂ ಕೊತ್ತಂಬರಿಯ ಕಟ್ಟು ಮಡಿಲಿನಿಂದ ಎತ್ತಿ ಬದಿಗಿಟ್ಟು, "ಬಿದ್ದಿದ್ರೇನು ನಡುವ ಎಲ್ಲೆರೆ?" ಅಂತ ಬಾಯಿಗೆ ಕೇಳಿದರು.

"ಒಮ್ಮೆನೂ ಇಲ್ಲ. ನಮ್ಮ ದೃಶ್ಯದಾಗಂತೂ ಇಲ್ಲ."

"ಹಂಗಾರ ಬರ್ತೀನಿ," ಅಂದರು ಕಾಕೂ. "ಆದ್ರ ಗೌರಿ ಕಳಿಸಿದ ಮ್ಯಾಲೆ. ಅಲ್ಲೀತನಾ ಐದಾರು ದಿನಾ ನೋಡ್ತೀನಿ, ಜೀವಂತ ಮನೀಗೆ ಬರ್ತಾರೋ ಇಲ್ಲೋ."

ಸಂಪತ್‌ಗೆ ಮಾತ್ರ ಇದು ಹಿಡಿಸಲಿಲ್ಲ. ತಲವಾರ್ ಇಲ್ಲ, ತೋಪು ಇಲ್ಲ, ಕರ್ವೆ ಅನ್ನುವ ಒಬ್ಬ ಗಣಿತದ ಮಾಸ್ತರು ನಡೆಯುವುದನ್ನು ನೋಡಲಿಕ್ಕೆ ಯಾರು ನಿಲ್ಲುತ್ತಾರೆ? ಅದರ ಮೇಲೆ ಇನ್ನೊಂದು ಸುದ್ದಿ. ಹಿಂದಿನ ಓಣಿಯ ಪಾತಾಳ ಹೌದ್ ಮಂಡಳದವರು, ನಮ್ಮ ಬಾಜಿಪ್ರಭು ಈ ವರ್ಷ ಇಲ್ಲ ಅಂತ ಗೊತ್ತಾದ ಕೂಡಲೇ, ತಾವೇ ಪಾವನಖಿಂಡಿ ಮಾಡುತ್ತಾರಂತೆ. ಗರಡಿಯ ಹುಡುಗ ಒಬ್ಬ, ತೇಜಸ್ ಅಂತ, ಅವನೇ ಬಾಜಿ. ಹೊಸ ಸ್ಪೀಕರು, ನಮ್ಮ ಗಿರಣಿಯ ಬಾಗಿಲಿನಷ್ಟು ಎತ್ತರ.

ಇನ್ನೊಬ್ಬರಾಗಿದ್ದರೆ ಸಿಟ್ಟಾಗುತ್ತಿದ್ದರು. ನಮ್ಮ ಕಾಕಾ ಏನು ಮಾಡಿದರು ಗೊತ್ತೇ? ದಿನಾ ಮಧ್ಯಾಹ್ನ ಗಿರಣಿ ಮುಚ್ಚಿ ಆ ಹುಡುಗನಿಗೆ ಬೀಳುವುದು ಕಲಿಸಲಿಕ್ಕೆ ಹೋದರು! ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಚಾಪೆ ಹಾಸಿಕೊಂಡು, ಬಾಯಿಂದಲೇ ಢಡಾಮ್ ಢಡಾಮ್ ಅನ್ನುತ್ತಾ.

"ಕಾಕಾ, ವೈರಿಗಳಿಗೆ ಕಲಸ್ತೀರಿ?" ಸಂಪತ್ ಬಾಯಿ ಬಾಯಿ ಬಡಿದುಕೊಂಡ.

"ಬಾಜಿಪ್ರಭು ಯಾವ ಮಂಡಳದಾಂವನೋ?" ಅಂದರು ಕಾಕಾ. "ಹುಡುಗ ಧೊಪ್ ಅಂತ ಬೀಳ್ತಾನ, ಗೋದಿ ಚೀಲ ಒಗದಂಗ. ನೋಡಾಕ ಆಗೂದಿಲ್ಲ ನನಗ."

ಎರಡು ಮಂಡಳದವರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಓಣಿಗಳು ಬೆನ್ನಿಗೆ ಬೆನ್ನು, ಧ್ವನಿ ಕಲಸಿಹೋಗಬಾರದು. ನಮ್ಮ ಆಟ ಮುಗಿದ ಮೇಲೆ ಅವರದು, ಅವರದು ಮುಗಿದ ಮೇಲೆ ನಮ್ಮದು. ಮೊದಲ ದಿನಗಳು ಎಷ್ಟು ಚೆಂದ ನಡೆದವು! ಕರ್ವೆಗೆ ಜನ ನಿಲ್ಲುವುದಿಲ್ಲ ಅಂದಿದ್ದ ಸಂಪತ್‌ನೇ ಸಾಲು ಸರಿಮಾಡಿ ಸುಸ್ತಾದ. ಹೆಣ್ಣುಮಕ್ಕಳು ಹೆಚ್ಚು, ಅಜ್ಜಿಯರು ಹೆಚ್ಚು. ವಿಧವೆ ಗೋದೂಬಾಯಿಯನ್ನು, ಅಂದರೆ ಮುಂದೆ ಬಾಯಾ ಕರ್ವೆ ಆದವರನ್ನು, ಮದುವೆಯಾಗುವುದು, ಊರವರು ದೂರ ಮಾಡುವುದು, ಹಿಂಗಣೆಯ ಗುಡಿಸಲು, ತಲೆಯ ಮೇಲೆ ಗಂಟು ಹೊತ್ತು ಕೆಸರಿನಲ್ಲಿ ನಡೆಯುವುದು, ಕಡೆಗೆ ನೂರನೆಯ ಹುಟ್ಟುಹಬ್ಬಕ್ಕೆ ಕುರ್ಚಿಯಲ್ಲಿ ಕೂತು ಹುಡುಗಿಯರಿಂದ ಹಾರ. ಕಾಕಾನಿಗೆ ನಡೆಯುವುದೇ ಹೊಸ ಸುಖ. ಆಟ ಮುಗಿದು ಮುಂಬಾಗಿಲಿನಿಂದಲೇ ಮನೆಗೆ ಹೋಗುತ್ತಿದ್ದರು, ತಲೆ ಎತ್ತಿಕೊಂಡು.

ಗೌರಿ ಕಳಿಸಿದ ಸಂಜೆ ಬಂತು. ಕಾಕಾ ಮಧ್ಯಾಹ್ನದಿಂದ ಎರಡು ಸಲ ಗಡ್ಡ ಅಂಟಿಸಿಕೊಂಡು ಬಿಚ್ಚಿದರು. ಮುಂದಿನ ಸಾಲಿನ ನಡುವೆ ಸಂಪತ್ ತನ್ನ ಮನೆಯ ಮೆತ್ತೆಯ ಖುರ್ಚಿ ತಂದು ಇಟ್ಟ. ಹೊತ್ತಾಯಿತು, ಖುರ್ಚಿ ಖಾಲಿ. ಕಾಕೂ ಮನೆಯಲ್ಲಿ ಹೆರಳು ಹಾಕಿಕೊಳ್ಳುತ್ತಿದ್ದರು. ನಂತರ ನತ್ತು ಸಿಗಲಿಲ್ಲ. ಆಮೇಲೆ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು.

"ಸುರು ಮಾಡೂಣೇನ್ರಿ?" ಧ್ವನಿಯ ಹುಡುಗ ಕೇಳಿದ.

ಪರದೆಯ ಹಿಂದಿನಿಂದ ಕಾಕಾನ ಧ್ವನಿ. "ಇನ್ನೊಂದೀಟು ತಡೀ."

ಜನ ಗೊಣಗಿದರು, ಶಿಳ್ಳೆ ಹೊಡೆದರು. ಕಡೆಗೆ ಹಸಿರು ಇಳಕಲ್ ಸೀರೆ, ಮಲ್ಲಿಗೆಯ ದಂಡೆ, ನತ್ತು ಎಲ್ಲ ಇಟ್ಟುಕೊಂಡು ಮಾಲನ್ ಕಾಕೂ ಬಂದು, ಖುರ್ಚಿಯ ಧೂಳು ಸೆರಗಿನಿಂದ ಒರೆಸಿ ಕೂತರು. ಮದುವೆಗೆ ಬಂದವರ ಹಾಗೆ. ನಾನು ಅವರ ಹಿಂದೆಯೇ ನಿಂತಿದ್ದೆ. ಪರದೆ ಎದ್ದಿತು.

ಕಾಕಾ ಅವತ್ತು ನಡೆದಂತೆ ಯಾವತ್ತೂ ನಡೆದಿರಲಿಲ್ಲ. ಕಾಕೂ ಮೊದಲು ಸೆರಗು ಬಾಯಿಗೆ ಹಿಡಿದು ಕೂತವರು ನಿಧಾನಕ್ಕೆ ಸೆರಗು ಬಿಟ್ಟರು. ಗುಡಿಸಲಿನ ದೃಶ್ಯಕ್ಕೆ ಪಕ್ಕದವಳಿಗೆ, "ಗಡ್ಡಾ ಒಪ್ಪತೇತಿ ಅವ್ರಿಗೆ, ಅಲ್ಲಾ?" ಅಂದರು. ಕಾಕಾ ಗಂಟು ತಲೆಯ ಮೇಲೆ ಇಟ್ಟುಕೊಂಡು ಕೆಸರಿನ ದಾರಿಗೆ ಕಾಲಿಟ್ಟರು. ಧ್ವನಿಪೆಟ್ಟಿಗೆಯಲ್ಲಿ ಕರ್ವೆಯವರ ಮಾತು: "ಇನ್ನು ಸ್ವಲ್ಪವೇ ದೂರ. ಹುಡುಗಿಯರು ಕಾಯುತ್ತಿದ್ದಾರೆ."

ಢಡಾಮ್!

ಹಿಂದಿನ ಓಣಿಯಿಂದ. ನಾವು ತಡ ಮಾಡಿದ್ದೆವು, ಪಾತಾಳ ಹೌದಿನವರು ಎಷ್ಟು ಹೊತ್ತು ಕಾಯಬೇಕು ಪಾಪ, ತಮ್ಮ ಆಟ ಶುರು ಮಾಡಿಬಿಟ್ಟಿದ್ದರು. ಅವರ ಮಹಾರಾಜರು ವಿಶಾಲಗಡ ಮುಟ್ಟಿದರು.

ನಮ್ಮ ಕರ್ವೆ ನಡೆಯುತ್ತಿದ್ದವರು ನಿಂತರು.

ಢಡಾಮ್! ಮುಖ ಮೇಲಕ್ಕೆದ್ದಿತು. ನಾನು ಮನಸ್ಸಿನಲ್ಲೇ ಕೂಗಿದೆ: ಬೇಡ ಕಾಕಾ, ಬೇಡ. ಮೂರನೆಯದಕ್ಕೆ ಗಂಟು ಜಾರಿ ಕೆಳಗೆ ಬಿತ್ತು, ಭುಜ ಸಡಿಲವಾಯಿತು. ಸಂಪತ್ ಪಕ್ಕದ ಪರದೆಯಿಂದ, "ಕಾಕಾ! ನೀವು ಕರ್ವೆ! ಕರ್ವೆ!" ಅಂತ ಪಿಸುಗುಟ್ಟಿದ್ದು ಕಡೆಯ ಸಾಲಿಗೂ ಕೇಳಿಸಿತು. ಆದರೆ ಆ ಮೈ ಕಾಕಾನ ಮಾತು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅಷ್ಟು ವರ್ಷದ ರೂಢಿ, ಮೇಲಿಂದ ತಿಂಗಳಿಡೀ ಆ ಹುಡುಗನಿಗೆ ಕಲಿಸಿದ್ದು. ನಾಲ್ಕನೆಯದಕ್ಕೆ ಮೊಣಕಾಲು ನೆಲಕ್ಕೆ. ಐದನೆಯದಕ್ಕೆ ಮಹರ್ಷಿ ಧೊಂಡೋ ಕೇಶವ ಕರ್ವೆಯವರು ಬಲಗೈಯನ್ನು ವಿಶಾಲಗಡದ ಕಡೆ ಎತ್ತಿ, ಗಡ್ಡದೊಳಗೆ ಸಣ್ಣಗೆ ನಕ್ಕು, ಹಿಂಗಣೆಯ ದಾರಿಯಲ್ಲಿ ವೀರಮರಣ ಹೊಂದಿದರು.

ಧ್ವನಿಪೆಟ್ಟಿಗೆಗೆ ಇದೇನೂ ಗೊತ್ತಿಲ್ಲವಲ್ಲ, ಅದು ಹೆಣದ ಮೇಲೆ ಹರ್ಷದಿಂದ ಹೇಳುತ್ತಲೇ ಇತ್ತು: "ನನ್ನ ಕಾಲುಗಳು ಗಟ್ಟಿಯಾಗಿವೆ. ನಡೆದಷ್ಟೂ ಆಯುಷ್ಯ ಹೆಚ್ಚು."

"ಅರೇ, ಕರ್ವೆ ಹೋದ್ರಲ್ಲೋ!" ಹಿಂದಿನಿಂದ ಒಬ್ಬ.

"ಇನ್ನೂ ಅರವತ್ತು ವರ್ಷ ಬಾಕಿ ಐತಿ!" ಪಟವರ್ಧನ್ ಬಾಯಿ ಎದ್ದೇ ನಿಂತರು. "ಜಯವಂತಾ! ಇಸವಿ ನೋಡ್ಕೋ! ಏಳು!"

ಏಳುತ್ತಾರೆಯೇ? ಏನಾಗಿಹೋಯಿತು ಅಂತ ಬಿದ್ದ ಮರುಕ್ಷಣವೇ ಕಾಕಾನಿಗೆ ತಿಳಿದಿತ್ತು, ಅದು ನಂತರ ಅವರೇ ಹೇಳಿದ್ದು. ಆದರೆ ಸತ್ತವನು ಏಳಬಾರದು. ಪರದೆ ಹಾಕುವವನು ಗಾಬರಿಯಲ್ಲಿ ಹಗ್ಗ ಬಿಟ್ಟು ಓಡಿಬಂದು ನೋಡುತ್ತಾ ನಿಂತಿದ್ದ. ಹಾಗಾಗಿ ಕಾಕಾ ಅಲ್ಲೇ ಬಿದ್ದಿದ್ದರು, ಹೆಂಡತಿಯ ಎದುರು, ಸತ್ತು, ರೆಪ್ಪೆ ಅಲ್ಲಾಡಿಸದೆ.

ಇಷ್ಟು ವರ್ಷ ಕಾಕೂ ಯಾವುದನ್ನು ನೋಡಬಾರದು ಅಂತ ಮಿಕ್ಸರು ತಿರುಗಿಸಿದ್ದರೋ, ಅದನ್ನೇ ಮುಂದಿನ ಸಾಲಿನಲ್ಲಿ ಕೂತು ಮೊದಲಿಂದ ಕಡೆಯವರೆಗೆ ನೋಡಿದ್ದರು. ನಾನು ಬಗ್ಗಿ ಅವರ ಮುಖ ನೋಡಲಿಕ್ಕೆ ಧೈರ್ಯ ಮಾಡುವಷ್ಟರಲ್ಲಿ ಖುರ್ಚಿ ಕಿರ್ ಅಂದಿತು. ಕಾಕೂ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬಿದಿರಿನ ಅಡ್ಡಗೋಲಿನ ಕೆಳಗೆ ನುಸುಳಿ, ಮೆಟ್ಟಿಲು ಹತ್ತಿ, ನೇರ ಕೆಸರಿನ ದಾರಿಯ ನಡುವೆ ಹೋಗಿ ನಿಂತರು.

"ಏಳ್ರಿ."

ಕಾಕಾ ಏಳಲಿಲ್ಲ.

"ಏಳ್ರಿ ಅಂದ್ನೆಲ್ಲ! ನೂರಾ ನಾಲ್ಕು ಅಂತ ಹೇಳಿ ಕರಕೊಂಡು ಬಂದೀರಿ ನನ್ನ. ಇಷ್ಟರಾಗ ಬಿಡಾಂಗಿಲ್ಲ ನಾ. ಮನ್ಯಾಗ ಪೂರಣಪೋಳಿ ಮಾಡಿಟ್ಟೀನಿ, ಅದನ್ಯಾರು ತಿನ್ನಬೇಕು? ಬಾಜಿಪ್ರಭು ತಿಂತಾನೇನು?"

ಯಾರೋ ಒಬ್ಬರು ಕಿಸಕ್ಕೆಂದರು. ಕಾಕೂ ಬಗ್ಗಿ ಕಾಕಾನ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದರು. ಜಾರಿದ ಗಡ್ಡವನ್ನು ಅಂಗೈಯಿಂದ ಒತ್ತಿ ಮತ್ತೆ ಅಂಟಿಸಿದರು. ಬಿದ್ದ ಗಂಟು ಎತ್ತಿ ತಲೆಯ ಮೇಲೆ ಇಟ್ಟು, ಮೊಣಕಾಲು ಒರೆಸಿ, "ನೋಯ್ತದೇನು?" ಅಂತ ಮೆಲ್ಲಗೆ ಕೇಳಿದ್ದು ಮೈಕಿಲ್ಲದೆಯೂ ನಮಗೆಲ್ಲ ಕೇಳಿಸಿತು. ಕಾಕಾ ತಲೆ ಅಲ್ಲಾಡಿಸಿದರು. "ಹಂಗಾರ ನಡೀರಿ. ಹುಡುಗ್ಯಾರು ಕಾಯಾಕತ್ಯಾರಂತ."

ಆಗ ಚಪ್ಪಾಳೆ ಬಿತ್ತು ನೋಡಿ! ಪಾತಾಳ ಹೌದಿನ ತೋಪೂ ಮುಚ್ಚಿಹೋಗುವಂಥ ಚಪ್ಪಾಳೆ. ಅರ್ಧ ಜನಕ್ಕೆ ಇದು ದೃಶ್ಯದಲ್ಲಿ ಮೊದಲೇ ಇದ್ದದ್ದು ಅಂತಲೇ ಅನಿಸಿತ್ತು. ಗುಡಿಸಲಿನ ಬಾಗಿಲಿನಲ್ಲಿ ನಮ್ಮ ದೃಶ್ಯದ ನಿಜವಾದ ಬಾಯಾ ಕರ್ವೆ, ಅಂದರೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಋಜುತಾ, ಕಂದೀಲು ಹಿಡಿದು ಬಾಯಿ ತೆರೆದು ನಿಂತಿದ್ದಳು. ಧ್ವನಿಪೆಟ್ಟಿಗೆ ಇವರಿಗಾಗಿ ಕಾಯಲಿಲ್ಲ. ಅದಾಗಲೇ ನೂರು ವರ್ಷ ತಲುಪಿಬಿಟ್ಟಿತ್ತು. ಕಾಕಾ ಕಾಕೂ ಇಬ್ಬರೂ ಓಡುನಡಿಗೆಯಲ್ಲಿ ಐವತ್ತೆಂಟು ವರ್ಷ ದಾಟಿ ಕುರ್ಚಿಯ ಹತ್ತಿರ ಬಂದರು. ಕಾಕೂ ಇಳಿಯುವ ದಾರಿ ಗೊತ್ತಾಗದೆ ಅಲ್ಲೇ ನಿಂತರು. ಹಾರ ಹಿಡಿದು ಬಂದ ಹುಡುಗಿಯರು ಯಾರಿಗೆ ಹಾಕಬೇಕೆಂದು ತಿಳಿಯದೆ, ಕೊನೆಗೆ ಒಂದೇ ಹಾರ ಇಬ್ಬರ ಕೊರಳಿಗೂ ಹಾಕಿಬಿಟ್ಟರು.

ಪರದೆ ಬಿದ್ದ ಮೇಲೆ ಪಟವರ್ಧನ್ ಬಾಯಿ ವೇದಿಕೆಯ ಹಿಂದಕ್ಕೆ ಓಡಿದರು, ಅವರ ಬೆನ್ನಿಗೆ ನಾನೂ. "ಮಾಲನ್, ನೂರನೇ ವರ್ಷಕ್ಕ ಬಾಯಾ ಇರಲಿಲ್ಲವ್ವಾ! ಅದಕ್ಕೂ ಮದಲs ತೀರಿಕೊಂಡಿದ್ರು!"

"ಇದ್ದಿದ್ರ ಆಕಿಗೂ ಛಲೋ ಅನಸ್ತಿತ್ತು, ಬಾಯಿ," ಅಂದರು ಕಾಕೂ. ಬಾಯಿ ಕನ್ನಡಕ ತೆಗೆದು ಒರೆಸತೊಡಗಿದರು.

ಕಾಕಾ ಬಣ್ಣದ ಪೆಟ್ಟಿಗೆಯ ಮೇಲೆ ಕೂತಿದ್ದರು, ತಲೆ ತಗ್ಗಿಸಿ. ಹಾರ ಇನ್ನೂ ಕೊರಳಲ್ಲೇ.

"ತಪ್ಪಾತು ಮಾಲನ್. ಕಿವೀಗೆ ತೋಪು ಬಿತ್ತು. ಆಮ್ಯಾಲೆ ನಾ ನನ್ನ ಕೈಯಾಗ ಇರಲಿಲ್ಲ. ನೀ ಬಂದ ದಿನಾನs..."

ಕಾಕೂ ಹಾರದಿಂದ ಉದುರಿದ ಶೇವಂತಿಗೆಯ ಎಸಳು ಆರಿಸುತ್ತಾ ನಿಂತಿದ್ದರು. ಸಂಪತ್ ನನಗೆ ಕಣ್ಣು ಮಾಡಿದ, ಹೋಗೋಣ ಅಂತ. ನಾವು ಎರಡು ಹೆಜ್ಜೆ ಹೋಗಿ ಅಲ್ಲೇ ನಿಂತೆವು, ಯಾರು ಬಿಟ್ಟು ಹೋಗುತ್ತಾರೆ?

"ಎಷ್ಟು ಛಂದ ಸಾಯ್ತೀರ್ರಿ ನೀವು!" ಅಂದರು ಕಾಕೂ.

ಕಾಕಾ ತಲೆ ಎತ್ತಿದರು.

"ಖರೇ ಹೇಳ್ತೀನಿ. ಕೈ ಹಿಂಗ ಮಾಡಿದ್ರಲ್ಲ, ಆಮ್ಯಾಲೆ ಆ ನಗು... ನಾ ಹೆದರಬೇಕಂತ ಕೂತಿದ್ದೆ. ಹೆದರಿಕೀನs ಬರಲಿಲ್ಲ. ಇವ್ರು ಯಾರೋ ಭಾಳ ದೊಡ್ಡ ಮನಷ್ಯಾರು ಅಂತ ಅನಸ್ತು. ನನಗ ಯಾರೂ ಹೇಳಲಿಲ್ಲ ಯಾಕ?"

"ಇಡೀ ಪುಣೆ ಹೇಳ್ತು! ನೀ ಮಿಕ್ಸರ್ ಹಚ್ಚಿದ್ದಿ!"

ಆ ಸಂಜೆ ಇನ್ನೂ ಮೂರು ಆಟ ಇದ್ದವು. ಕಾಕೂ ಖುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಮೂರರಲ್ಲೂ ಕಾಕಾ ಒಮ್ಮೆಯೂ ಬೀಳದೆ ನೂರು ದಾಟಿದರು. ತೇಜಸ್ ಬಂದು ಕಾಲು ಮುಟ್ಟಿ, "ನಮ್ಮ ತೋಪಿನಿಂದ ಆತಲ್ರಿ ಕಾಕಾ" ಅಂತ ಅಳುಮೋರೆ ಮಾಡಿದ. ಕಾಕಾ ಅವನ ಬೆನ್ನಿಗೆ ಗುದ್ದಿ, "ನಿನ್ನ ನಾಲ್ಕನೇ ತೋಪು ಭಾಳ ಲಗೂ ಬಂತಲ್ಲೋ, ಮ್ವಾಣಕಾಲಿಗೆ ಯಾಳೆ ಕೊಡಬೇಕು" ಅಂತ ತಿದ್ದಿ ಕಳಿಸಿದರು.

ಮರುದಿನ ಮಧ್ಯಾಹ್ನ ನಾನು ಬೇಳೆಯ ಡಬ್ಬಿ ತಗೊಂಡು ಹೋದಾಗ ಗಿರಣಿಯ ಬಾಗಿಲು ಅರ್ಧ ಹಾಕಿತ್ತು. ಯಂತ್ರ ನಿಂತಿತ್ತು. ಒಳಗೆ ಗೋಣಿಚೀಲಗಳನ್ನು ಒಂದರ ಮೇಲೊಂದು ಹಾಸಿಗೆಯ ಹಾಗೆ ಹಾಸಿದ್ದರು. ಕಾಕಾ ಬನಿಯನ್ನಿನಲ್ಲಿ, ಕೈಯಲ್ಲಿ ಎರಡು ಹಿಟ್ಟಿನ ಚಮಚ ಕತ್ತಿಯ ಹಾಗೆ ಹಿಡಿದು ನಿಂತಿದ್ದರು. ಕಾಕೂ ಎದುರಿಗೆ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತಿದ್ದರು.

"ಡಾಕ್ಟರು ಬ್ಯಾಡಂದಾರ ಮಾಲನ್."

"ಅದಕ್ಕs ಚೀಲಾ ಹಾಸೀನಿ. ಒಂದs ಸಲ. ನಿನ್ನೆ ನನಗ ಗಡಿಬಿಡಿಯಾಗ ಸರಿಯಾಗಿ ನೋಡಾಕ ಆಗಲಿಲ್ಲ."

"ಸರಿ. ತೋಪು?"

ಕಾಕೂ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಶುರು ಮಾಡಿದರು.

"ಢಡಾಮ್," ಅಂದರು.